ಸೋರುವ ಚಾವಣಿಯ ಕೆಳಗೆ: ಬ್ಲೈಬರಾ ಚರ್ಚಿನ ಬಗ್ಗೆ

ಹಳೆಯ ಕಟ್ಟಡ ನೋಡಲು ಹೋದಾಗ ಮೂಗು ಮುಕ್ಕಾದ ಒಂದು ಮೂರ್ತಿ ಕಣ್ಣಿಗೆ ಬಿದ್ದರೆ ಸಾಕು, ಜೊತೆಗಿದ್ದವರು ಕೇಳುವ ಮೊದಲ ಮಾತು "ಇದನ್ನ ಯಾರು ಒಡೆದಿದ್ದು?" ಅಂತ. ಉತ್ತರವೂ ಅಲ್ಲೇ ಸಿದ್ಧವಾಗಿರುತ್ತದೆ. ಯಾರೋ ಒಬ್ಬ ರಾಜ, ಯಾವುದೋ ಒಂದು ಸೈನ್ಯ. ಹೆಸರು ಸಿಕ್ಕಿದ ಕೂಡಲೇ ತಲೆಯಾಡಿಸಿ ಮುಂದೆ ಹೋಗುತ್ತೇವೆ. ನಾನು ಹಾಸನದ ಕಡೆಯವಳು, ಇಂಥ ಉತ್ತರ ಕೇಳುತ್ತಲೇ ಬೆಳೆದೆ. ಇಂಗ್ಲೆಂಡಿನ ಸಫೊಕ್ ಕೌಂಟಿಗೆ ಬಂದು ನೆಲೆಸಿದ ಮೇಲೆ ಇಲ್ಲಿನ ಹಳ್ಳಿ ಚರ್ಚುಗಳಲ್ಲೂ ಅದೇ ಪ್ರಶ್ನೆ, ಅದೇ ಧಾಟಿಯ ಉತ್ತರ ಕೇಳಿಸಿತು. ಇಲ್ಲಿ ಆ ಹೆಸರು ಒಂದೋ 17ನೇ ಶತಮಾನದ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟಿನ ಸೈನ್ಯ ನಡೆಸಿದ ಕ್ರಾಮ್‌ವೆಲ್, ಇಲ್ಲವೇ ಅದೇ ಕಾಲದಲ್ಲಿ ಚರ್ಚುಗಳ ಚಿತ್ರ ಒಡೆಸಿದ ಡೌಸಿಂಗ್. ಆದರೆ ಬ್ಲೈಬರಾ ಅನ್ನುವ ಹಳ್ಳಿಯ ಚರ್ಚಿನಲ್ಲಿ ಆ ಉತ್ತರ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಅಲ್ಲಿನ ಒಂದೊಂದು ಗಾಯವನ್ನೂ ಹಿಡಿದು ಹಿಂದಕ್ಕೆ ಹೋದರೆ, ಸಿಗುವವರಲ್ಲಿ ಮುಕ್ಕಾಲು ಪಾಲು ಆ ಚರ್ಚಿನವರೇ. ಅಲ್ಲೇ ಪ್ರಾರ್ಥನೆ ಮಾಡುತ್ತಿದ್ದವರು, ಅದನ್ನು ಪ್ರೀತಿಸುತ್ತಿದ್ದವರು. ಈ ಸಂಗತಿ ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ಅದಕ್ಕೆ ನಮ್ಮೂರಿನ ಗುಡಿಯೂ ಒಂದು ಕಾರಣ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಚರ್ಚು

ಇಪ್ಸ್‌ವಿಚ್‌ನಿಂದ ಎ12 ರಸ್ತೆ ಹಿಡಿದು ಉತ್ತರಕ್ಕೆ ಹೋದರೆ, ಸಮುದ್ರಕ್ಕೆ ಇನ್ನೇನು ಕೆಲವು ಮೈಲಿ ಇರುವಾಗ ಬ್ಲೈತ್ ನದಿ ಅಗಲವಾಗಿ ಹರಡಿಕೊಳ್ಳುತ್ತದೆ. ಭರತದಲ್ಲಿ ಅದು ಕೆರೆಯ ಹಾಗೆ ತುಂಬಿರುತ್ತದೆ, ಇಳಿತದಲ್ಲಿ ಬರೀ ಕೆಸರು, ಕೆಸರಿನ ತುಂಬ ನೀರುಹಕ್ಕಿ. ಅದರ ಅಂಚಿನಲ್ಲಿ ಸ್ವಲ್ಪ ಎತ್ತರದ ನೆಲದ ಮೇಲೆ ಹೋಲಿ ಟ್ರಿನಿಟಿ ಚರ್ಚು ನಿಂತಿದೆ. ಉದ್ದ 127 ಅಡಿ, ಅಗಲ 54 ಅಡಿ. ಊರಿನ ಜನ ಕೆಲವೇ ನೂರು. ಜೌಗಿನ ಕಥೀಡ್ರಲ್ ಅಂತ ಜನ ಪ್ರೀತಿಯಿಂದ ಕರೆಯುತ್ತಾರೆ. ಆದರೆ ಇದು ಕಥೀಡ್ರಲ್ ಅಲ್ಲ. ಇಲ್ಲಿ ಬಿಷಪ್ ಕೂತಿದ್ದಿಲ್ಲ. ಇದು ಮೊದಲಿನಿಂದಲೂ ಊರ ಚರ್ಚು. ದೊಡ್ಡ ಪೇಟೆಗಳ ಕಥೀಡ್ರಲ್‌ಗಳ ಹಿಂದೆ ರಾಜರು, ಬಿಷಪ್‌ಗಳು ಇದ್ದರು. ಇಂಥ ಹಳ್ಳಿಯಲ್ಲಿ ಇಷ್ಟು ಎತ್ತರಕ್ಕೆ ಗೋಡೆ ಎಬ್ಬಿಸಿದವರು ಯಾರು, ದುಡ್ಡು ಎಲ್ಲಿಂದ ಬಂತು ಅನ್ನುವುದು ಇಲ್ಲಿಗೆ ಬಂದ ಯಾರಿಗಾದರೂ ಹೊಳೆಯುವ ಪ್ರಶ್ನೆ.

ಊರು ತುಂಬಾ ಹಳೆಯದು. ಪೂರ್ವ ಆಂಗ್ಲಿಯಾದ ದೊರೆ ಅನ್ನಾ (ಗಂಡಸೇ, ಆಗಿನ ಹೆಸರು ಹಾಗೆ) ಕ್ರಿ.ಶ. 654ರ ಸುಮಾರಿಗೆ ಮರ್ಸಿಯಾ ರಾಜ್ಯದ ದೊರೆ ಪೆಂಡಾನ ಜೊತೆ ಕಾದಾಡಿ ಸತ್ತ, ಅವನನ್ನು ಮಣ್ಣು ಮಾಡಿದ್ದು ಬ್ಲೈಬರಾದಲ್ಲಿ ಅಂತ 12ನೇ ಶತಮಾನದ ಬರಹವೊಂದು ಹೇಳುತ್ತದೆ. ಆಮೇಲೆ ಇಲ್ಲಿ ಅಗಸ್ಟೀನಿಯನ್ ಸನ್ಯಾಸಿಗಳ ಒಂದು ಸಣ್ಣ ಮಠ ಬಂತು. ಮಧ್ಯಯುಗದಲ್ಲಿ ಈ ನದಿಯಲ್ಲಿ ದೋಣಿ ಓಡಾಡುತ್ತಿತ್ತು, ದಡದಲ್ಲಿ ವ್ಯಾಪಾರ ಇತ್ತು. ಸಫೊಕ್ ಆಗ ಉಣ್ಣೆ ಬಟ್ಟೆಯಿಂದ ದುಡ್ಡು ಮಾಡಿದ ಸೀಮೆ. 1412ರಲ್ಲಿ ದೊರೆ ನಾಲ್ಕನೇ ಹೆನ್ರಿ ಮಠದವರಿಗೆ ಇಲ್ಲಿ ಹೊಸದಾಗಿ ಕಟ್ಟಿಕೊಳ್ಳಲು ಅನುಮತಿ ಕೊಟ್ಟ. ಆ ಶತಮಾನವೆಲ್ಲ ಕೆಲಸ ನಡೆಯಿತು. 14ನೇ ಶತಮಾನದ ಗೋಪುರವೊಂದನ್ನು ಹಾಗೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಹೊಸದಾಗಿ ಕಟ್ಟಿದರು. ಅದಕ್ಕೇ ಹೊರಗಿನಿಂದ ನೋಡಿದರೆ ಗೋಪುರ ಸ್ವಲ್ಪ ಬಡಕಲು ಅನ್ನಿಸುತ್ತದೆ, ಚರ್ಚಿನ ಮೈ ಅದಕ್ಕಿಂತ ಮುಂದೆ ಬೆಳೆದುಬಿಟ್ಟಿದೆ.

ದುಡ್ಡು ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ತಿಳಿಯದೆ ಇಲ್ಲಿನ ಯಾವುದೂ ಅರ್ಥವಾಗುವುದಿಲ್ಲ. ಸತ್ತ ಮೇಲೆ ಆತ್ಮ ನೇರ ಸ್ವರ್ಗಕ್ಕೆ ಹೋಗುವುದಿಲ್ಲ, ನಡುವೆ ಒಂದು ಶುದ್ಧಿಯ ಜಾಗದಲ್ಲಿ ಬೇಯಬೇಕು, ಬದುಕಿರುವವರು ಪ್ರಾರ್ಥನೆ ಮಾಡಿದಷ್ಟೂ ಆ ಅವಧಿ ಕಡಿಮೆಯಾಗುತ್ತದೆ ಅಂತ ಅವರು ಗಟ್ಟಿಯಾಗಿ ನಂಬಿದ್ದರು. ಹಾಗಾಗಿ ಕೊಟ್ಟವರು ತಮ್ಮ ಹೆಸರು ಕೆತ್ತಿಸಿ "ಇವರ ಆತ್ಮಕ್ಕಾಗಿ ಪ್ರಾರ್ಥಿಸಿ" ಅಂತ ಬರೆಸುತ್ತಿದ್ದರು. ಇಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯ ಮೇಲೆ ಜಾನ್ ಮೇಸನ್ ಮತ್ತು ಅವನ ಹೆಂಡತಿ ಕ್ಯಾಥರೀನ್ ಹೆಸರಿನಲ್ಲಿ 1449ರ ಇಂಥದ್ದೇ ಒಂದು ಬರಹ ಇದೆ. ಜಮೀನ್ದಾರ ಜಾನ್ ಹಾಪ್ಟನ್ ತನ್ನ ಮನೆತನಕ್ಕೆ ಅಂತಲೇ ಒಂದು ಪ್ರಾರ್ಥನಾ ಭಾಗ ಕಟ್ಟಿಸಿದ. ನಮ್ಮ ಗುಡಿಗಳ ನಂದಾದೀಪದ ದತ್ತಿ ಗೊತ್ತಿರುವವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ.

ಗೋಡೆಯ ಜಾಗದಲ್ಲಿ ಬೆಳಕು

ಗಾಥಿಕ್ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಳು ಚರ್ಚು. ಚೂಪು ಕಮಾನು, ಮುಗಿಲಿಗೆ ಏರಿದ ಗೋಡೆ. ಬ್ಲೈಬರಾದ ಗಾಥಿಕ್ ಅದಕ್ಕಿಂತ ತುಂಬಾ ಹಿಂದಿನದು, ಮತ್ತು ಇಂಗ್ಲೆಂಡಿನಲ್ಲೇ ಬೆಳೆದ ಕೊನೆಯ ಬಗೆ. ಅದಕ್ಕೆ ಪರ್ಪೆಂಡಿಕ್ಯುಲರ್ ಅನ್ನುತ್ತಾರೆ. ಕಿಟಕಿಯ ಕಲ್ಲುಪಟ್ಟಿಗಳು ಕೆಳಗಿನಿಂದ ತುದಿಯವರೆಗೆ ನೆಟ್ಟಗೆ ಏರುತ್ತವೆ, ಕಿಟಕಿಗಳು ಎಷ್ಟು ಹಿಗ್ಗುತ್ತವೆಂದರೆ ಗೋಡೆಗೆ ಜಾಗವೇ ಉಳಿಯುವುದಿಲ್ಲ. ಇಲ್ಲಿ ನಡುವಿನ ಹಜಾರದ ಮೇಲ್ಭಾಗದಲ್ಲಿ ಎರಡೂ ಕಡೆ ಹದಿನೆಂಟು ಹದಿನೆಂಟು ಕಿಟಕಿಗಳ ಸಾಲು ಇದೆ. ಹಜಾರಕ್ಕೂ ಪಾದ್ರಿ ನಿಲ್ಲುವ ಪೂರ್ವ ಭಾಗಕ್ಕೂ ನಡುವೆ ಸಾಮಾನ್ಯವಾಗಿ ಇರುವ ದೊಡ್ಡ ಕಮಾನು ಇಲ್ಲಿ ಇಲ್ಲ. ಚಾವಣಿ ಒಂದೇ ಸಮನೆ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆ. ಹಳೆಯ ಬಣ್ಣದ ಗಾಜು ಹೆಚ್ಚು ಕಡಿಮೆ ಎಲ್ಲ ಹೋಗಿದೆ. ಈಗಿರುವುದು ಬಿಳಿ ಗಾಜು, ಸುಣ್ಣದ ಗೋಡೆ, ಕೆಳಗೆ ಇಟ್ಟಿಗೆಯ ನೆಲ. ಬಾಗಿಲು ದೂಡಿ ಒಳಗೆ ಕಾಲಿಟ್ಟರೆ ಹೊರಗಿಗಿಂತ ಒಳಗೇ ಬೆಳಕು ಜಾಸ್ತಿ ಅನ್ನಿಸುತ್ತದೆ. ಅಪ್ಪನನ್ನು ಕರೆದುಕೊಂಡು ಹೋದ ದಿನ ಅವರು ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದವರು ಹಾಗೇ ನಿಂತುಬಿಟ್ಟರು. "ಗರ್ಭಗುಡಿ ಅಂದ್ರೆ ಕತ್ತಲೆ ಇರ್ಬೇಕು ಅಂದ್ಕೊಂಡಿದ್ದೆ ಕಣಮ್ಮ, ಇವರು ದೇವರನ್ನ ಬಿಸಿಲಲ್ಲಿ ಕೂರಿಸಿದ್ದಾರಲ್ಲ" ಅಂದರು.

ಅಷ್ಟು ಕಿಟಕಿ ಇಟ್ಟೂ ಕಟ್ಟಡ ನಿಂತಿರುವುದು ಹೇಗೆ? ಇದಕ್ಕೆ ಉತ್ತರ ಚಾವಣಿಯಲ್ಲಿದೆ. ದೊಡ್ಡ ಕಥೀಡ್ರಲ್‌ಗಳಲ್ಲಿ ಕಲ್ಲಿನ ಕಮಾನು ಚಾವಣಿ ಇರುತ್ತದೆ. ಅದರ ಭಾರ ಗೋಡೆಯನ್ನು ಹೊರಕ್ಕೆ ದೂಡುತ್ತದೆ, ಅದನ್ನು ತಡೆಯಲು ಹೊರಗಿನಿಂದ ದೊಡ್ಡ ದೊಡ್ಡ ಊರೆಗೋಡೆ ಕಟ್ಟಬೇಕು. ಬ್ಲೈಬರಾದವರು ಆ ಗೋಜಿಗೆ ಹೋಗಲಿಲ್ಲ. ಓಕ್ ಮರದ ತೊಲೆ ಹಾಸಿ, ಮೇಲೆ ಸೀಸದ ತಗಡು ಹೊದಿಸಿದರು. ಹಗುರ ಚಾವಣಿ, ಹೆಚ್ಚು ಕಡಿಮೆ ಚಪ್ಪಟೆ. ಭಾರ ನೇರ ಕೆಳಕ್ಕೆ ಇಳಿಯುತ್ತದೆ, ಸಣಕಲು ಕಂಬಗಳೇ ಸಾಕು. ಆದರೆ ಇದರಲ್ಲೇ ಒಂದು ಕಷ್ಟವೂ ಇದೆ. ಮರದ ಚಾವಣಿ ನೀರಿಗೆ ಬಲಿ. ಸೀಸ ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ತೊಲೆಯ ತುದಿ ಕೊಳೆಯಲು ಶುರುವಾಗುತ್ತದೆ, ತೊಲೆ ಜಗ್ಗಿದರೆ ಗೋಡೆಯೂ ಅದರ ಹಿಂದೆಯೇ ಹೋಗುತ್ತದೆ. ಮುಂದಿನ ಕಥೆಯೆಲ್ಲ ಒಂದಲ್ಲ ಒಂದು ರೀತಿ ಇಲ್ಲಿಂದಲೇ ಹುಟ್ಟುತ್ತದೆ.

ಗೋಡೆಯ ವಿಷಯವೂ ಒಂದು ಮಾತು. ಈ ಸೀಮೆಯಲ್ಲಿ ಒಳ್ಳೆಯ ಕಟ್ಟಡದ ಕಲ್ಲು ಸಿಗುವುದಿಲ್ಲ. ಸಿಗುವುದು ಚಕಮಕಿ ಕಲ್ಲು, ಮುಷ್ಟಿ ಗಾತ್ರದ ಉಂಡೆಗಳು. ಕೆತ್ತುವ ಕಲ್ಲು ಬೇಕಾದರೆ ದೂರದಿಂದ ದೋಣಿಯಲ್ಲಿ ತರಿಸಬೇಕು, ದುಬಾರಿ. ಹಾಗಾಗಿ ಚಕಮಕಿಯನ್ನು ಒಡೆದು, ಅದರ ಕಪ್ಪು ಹೊಳೆಯುವ ಮುಖ ಹೊರಗೆ ಬರುವಂತೆ ಬಿಳಿ ಕಲ್ಲಿನ ಚೌಕಟ್ಟಿನೊಳಗೆ ಕೂರಿಸಿದರು. ಪೂರ್ವದ ದೊಡ್ಡ ಕಿಟಕಿಯ ಕೆಳಗೆ, ಹೊರಗೋಡೆಯಲ್ಲಿ, ಹೀಗೆ ಕಪ್ಪು ಬಿಳುಪಿನಲ್ಲಿ ಮಾಡಿದ ಕಿರೀಟ ಹೊತ್ತ ಅಕ್ಷರಗಳ ಒಂದು ಸಾಲು ಇದೆ. ಮಳೆ ಬಂದು ನಿಂತ ಮೇಲೆ ಅದನ್ನು ನೋಡಬೇಕು, ಒದ್ದೆ ಚಕಮಕಿ ಗಾಜಿನಂತೆ ಮಿನುಗುತ್ತದೆ. ಕಲ್ಲಿಲ್ಲದ ಊರಿನವರು ಇದ್ದದ್ದರಲ್ಲೇ ಇಷ್ಟು ಚೆಂದ ಮಾಡಿದ್ದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ರೆಕ್ಕೆ ಬಿಚ್ಚಿದವರು

ಈಗ ತಲೆ ಎತ್ತಬೇಕು. ತೊಲೆಗಳ ನಟ್ಟನಡುವೆ ಬೆನ್ನಿಗೆ ಬೆನ್ನು ಕೊಟ್ಟ ದೇವದೂತರು ಇದ್ದಾರೆ. ಒಬ್ಬರ ಮುಖ ಪೂರ್ವಕ್ಕೆ, ಇನ್ನೊಬ್ಬರದು ಪಶ್ಚಿಮಕ್ಕೆ. ಮರದಲ್ಲಿ ಕೆತ್ತಿದ್ದು, ರೆಕ್ಕೆ ಪೂರ್ತಿ ಬಿಚ್ಚಿದೆ, ಕೈಯಲ್ಲಿ ಗುರಾಣಿ. ಈಗ ಉಳಿದಿರುವುದು ಒಂದು ಡಜನ್ನಿನಷ್ಟು. ಮೇಲಿನ ತೊಲೆಗಳಿಗೆಲ್ಲ ಕೆಂಪು, ಹಸಿರು ಹೂವಿನ ಅಚ್ಚು, ಯೇಸುವಿನ ಹೆಸರಿನ ಅಕ್ಷರಗಳು. ಬಣ್ಣ ಮಾಸಿದೆ, ಆದರೆ ಅದು 15ನೇ ಶತಮಾನದವರು ಬಳಿದ ಬಣ್ಣ. ಮೇಲೆ ಯಾರೂ ಮತ್ತೆ ಬಳಿದಿಲ್ಲ. ದುರ್ಬೀನು ಇದ್ದರೆ ಒಯ್ಯಿರಿ. ದುರ್ಬೀನಿನಲ್ಲಿ ನೋಡಿದಾಗ ಆ ಮುಖಗಳ ಮೇಲೆ, ರೆಕ್ಕೆಗಳ ಮೇಲೆ ಸಣ್ಣ ಸಣ್ಣ ತೂತು ಕಾಣುತ್ತವೆ. ಗುಂಡು ಹೊಡೆದ ತೂತು.

ಯಾರು ಹೊಡೆದಿದ್ದು? ತುಂಬಾ ಕಾಲ ಎಲ್ಲರೂ ಹೇಳಿದ ಉತ್ತರ: ವಿಲಿಯಂ ಡೌಸಿಂಗ್‌ನ ಜನ. ಆ ಉತ್ತರಕ್ಕೆ ಬಲವಾದ ಕಾರಣವೂ ಇತ್ತು. 1643ರಲ್ಲಿ, ದೊರೆಗೂ ಪಾರ್ಲಿಮೆಂಟಿಗೂ ನಡೆಯುತ್ತಿದ್ದ ಅಂತರ್ಯುದ್ಧದ ನಡುವೆ, ಚರ್ಚುಗಳಲ್ಲಿರುವ ಮೂಢನಂಬಿಕೆಯ ಗುರುತುಗಳನ್ನೆಲ್ಲ ತೆಗೆಯಬೇಕು ಅಂತ ಪಾರ್ಲಿಮೆಂಟ್ ಆಜ್ಞೆ ಮಾಡಿತು. ಪೂರ್ವ ಸೀಮೆಯಲ್ಲಿ ಆ ಕೆಲಸಕ್ಕೆ ನೇಮಕವಾದವನು ಡೌಸಿಂಗ್. ಅವನು ಕದ್ದುಮುಚ್ಚಿ ಏನೂ ಮಾಡಲಿಲ್ಲ. ಹೋದ ಚರ್ಚು, ಒಡೆದ ಚಿತ್ರ, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟ. 1644ರ ಏಪ್ರಿಲ್ 9ರ ದಿನ ಬ್ಲೈಬರಾದ ಹೆಸರಿದೆ. ಇಪ್ಪತ್ತು ಚಿತ್ರ, ಎರಡು ಶಿಲುಬೆ, ಚರ್ಚಿನೊಳಗಿನ ಇಪ್ಪತ್ತು ದೇವದೂತರನ್ನು ಕೆಳಗಿಳಿಸಬೇಕು, ಆತ್ಮಕ್ಕಾಗಿ ಪ್ರಾರ್ಥಿಸಿ ಅನ್ನುವ ಮೂರು ಬರಹ ಒಡೆದಿದ್ದಾಯಿತು, ಇನ್ನೂ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಎಂಟು ದಿನದೊಳಗೆ ತೆಗೆಯಲು ಹುಕುಂ ಕೊಟ್ಟಿದ್ದಾಯಿತು. ಕಿಟಕಿಯ ಗಾಜು ಹೋಗಿದ್ದರಲ್ಲಿ ಅವನ ಕೈವಾಡ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆ ನಷ್ಟ ಯೋಚಿಸಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ದೇವದೂತರು ಮೇಲೇ ಉಳಿದರು. ಅಷ್ಟು ಎತ್ತರಕ್ಕೆ ಏಣಿ ಹಾಕಿ, ತೊಲೆಗೆ ಕಚ್ಚಿಕೊಂಡದ್ದನ್ನು ಬಿಡಿಸುವ ಕೆಲಸ ಊರವರು ಮೈಮೇಲೆ ಹಾಕಿಕೊಳ್ಳಲಿಲ್ಲ ಅಂತ ಕಾಣುತ್ತದೆ. ಗುಂಡಿನ ತೂತಿನ ಕಥೆ ಬೇರೆಯೇ. 1970ರ ದಶಕದಲ್ಲಿ ದುರಸ್ತಿಗೆ ಅಂತ ಹತ್ತಿರದಿಂದ ನೋಡಿದಾಗ ಮರದೊಳಗೆ ಸೀಸದ ಸಣ್ಣ ಚರೆಗಳು ಸಿಕ್ಕವು. ಡೌಸಿಂಗ್ ಕಾಲದವಲ್ಲ, 18ನೇ ಶತಮಾನದವು. ಚರ್ಚಿನ ಹಳೆಯ ಲೆಕ್ಕದಲ್ಲಿ 1761ರ ಒಂದು ಖರ್ಚು ಇದೆ. ಒಳಗೆ ಗೂಡು ಕಟ್ಟಿ ಗಲೀಜು ಮಾಡುತ್ತಿದ್ದ ಜ್ಯಾಕ್‌ಡಾ ಅನ್ನುವ ಚಿಕ್ಕ ಜಾತಿಯ ಕಾಗೆಗಳನ್ನು ಹೊಡೆಯಲು ಕೊಟ್ಟ ದುಡ್ಡು. ಚರ್ಚು ಚೊಕ್ಕಟವಾಗಿರಲಿ ಅಂತ ಚರ್ಚಿನವರೇ ದುಡ್ಡು ಕೊಟ್ಟು ಹೊಡೆಸಿದ ಚರೆಗಳು ದೇವದೂತರ ಕೆನ್ನೆಗೆ ಬಿದ್ದಿವೆ. ಇದನ್ನು ತಿಳಿದ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಂಥರಾ ಗಾಬರಿ ಆಯಿತು. ಹಾಳು ಮಾಡಬೇಕು ಅಂತ ಬಂದವನು ಮಾಡದೇ ಬಿಟ್ಟ ಕೆಲಸವನ್ನು ಗುಡಿಸಿ ಸಾರಿಸುವವರು ಮಾಡಿದ್ದರು.

ಅದಕ್ಕೂ ಮೊದಲೇ ಈ ಚರ್ಚಿಗೆ ದೊಡ್ಡ ಪೆಟ್ಟು ಬಿದ್ದಿತ್ತು. 1577ರ ಆಗಸ್ಟ್ 4, ಭಾನುವಾರ, ಜನ ಪ್ರಾರ್ಥನೆಗೆ ಕೂತಿದ್ದಾಗ ಸಿಡಿಲು ಬಡಿಯಿತು. ಗೋಪುರದ ಮೇಲಿನ ಚೂಪು ಶಿಖರ ಚಾವಣಿ ಸೀಳಿಕೊಂಡು ಒಳಗೆ ಬಿತ್ತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು. ಅದೇ ದಿನ ಹತ್ತಿರದ ಬಂಗೀ ಊರಿನ ಚರ್ಚಿನಲ್ಲೂ ಅನಾಹುತ ಆಯಿತು. ಕರಿ ನಾಯಿಯ ರೂಪದಲ್ಲಿ ಸೈತಾನ ಬಂದಿದ್ದ ಅಂತ ಜನ ಹೇಳಿದರು. ಬ್ಲೈಬರಾದ ಉತ್ತರ ಬಾಗಿಲಿನ ಮೇಲೆ ಕಪ್ಪಗೆ ಸುಟ್ಟ ಗೀರುಗಳಿವೆ, ಆ ನಾಯಿಯ ಉಗುರಿನ ಗುರುತು ಅಂತ ಎಲ್ಲರಿಗೂ ತೋರಿಸುತ್ತಾರೆ. ಬಂದವರು ನೇರ ಅಲ್ಲಿಗೇ ಹೋಗಿ ಫೋಟೊ ತೆಗೆಯುತ್ತಾರೆ. ಆ ಹುಡುಗನ ವಿಷಯ ಯಾರೂ ಕೇಳುವುದಿಲ್ಲ ಅನ್ನುವುದು ನನ್ನ ಬೇಸರ.

ಬೆಂಚಿನ ತುದಿಯ ಜನ

ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಂಚುಗಳು. ಅಲ್ಲಿ ಹೂ ಜೋಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಇವರು ತಲೆ ಎತ್ತಿ ಕತ್ತು ಹಿಡಿದುಕೊಂಡಿದ್ದನ್ನು ನೋಡಿ, ಬನ್ನಿ ಕೆಳಗೂ ನೋಡೋದಿದೆ ಅಂತ ಕೈ ಮಾಡಿ ಕರೆದರು. ಒಂದೊಂದು ಬೆಂಚಿನ ತುದಿಯಲ್ಲೂ ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡ ಮರದ ಬೊಂಬೆ. ಪಾಪಗಳನ್ನು ಮನುಷ್ಯರ ರೂಪದಲ್ಲಿ ಕೂರಿಸಿದ್ದಾರೆ. ಸೋಮಾರಿ ಹಾಸಿಗೆಯಿಂದ ಅರ್ಧ ಎದ್ದು ಕೂತಿದ್ದಾನೆ, ಹೊದಿಕೆ ಇನ್ನೂ ಮೈಮೇಲಿದೆ. ಹೊಟ್ಟೆಬಾಕ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಜಿಪುಣ ದುಡ್ಡಿನ ಪೆಟ್ಟಿಗೆಯ ಮೇಲೇ ಕೂತಿದ್ದಾನೆ. ಕಪಟಿ ಕೈಮುಗಿದು ಪ್ರಾರ್ಥನೆ ಮಾಡುತ್ತಿದ್ದಾನೆ, ಕಣ್ಣು ಮಾತ್ರ ಬಿಟ್ಟುಕೊಂಡಿದ್ದಾನೆ. ಚಾಡಿಕೋರನ ನಾಲಿಗೆ ಹೊರಗೆ ಬಂದಿದೆ, ನಡುವೆ ಸೀಳಿದೆ. ಅಪ್ಪ ಆ ಚಾಡಿಕೋರನ ಮುಂದೆ ಬಗ್ಗಿ ನಿಂತು, "ಇವನು ನಮ್ಮೂರಲ್ಲೂ ಇದ್ದಾನೆ" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಹೆಂಗಸು ಜೋರಾಗಿ ನಕ್ಕು, ನಮ್ಮೂರಲ್ಲೂ ಅಂದರು.

ಆ ಬೊಂಬೆಗಳ ತಲೆ ಮುಟ್ಟಿ ನೋಡಿ. ಐನೂರು ವರ್ಷಕ್ಕೂ ಜಾಸ್ತಿ ಕಾಲ ಜನ ಎದ್ದು ಕೂರುವಾಗ ಕೈ ಇಟ್ಟು ಇಟ್ಟು ಮುಖದ ಗೆರೆಗಳೆಲ್ಲ ಸವೆದು ನುಣುಪಾಗಿವೆ. ಹೊಟ್ಟೆಬಾಕನ ಭುಜ ಕರಿಮಣಿಯ ಹಾಗೆ ಮಿರುಗುತ್ತದೆ. ಪೂರ್ವ ಭಾಗದಲ್ಲಿರುವ ಮೇಜುಗಳಲ್ಲಿ ಒಂದು ಕಾಲದಲ್ಲಿ ಶಾಲೆಯ ಮಕ್ಕಳು ಕೂತು ಬರೆಯುತ್ತಿದ್ದರು. ಶಾಯಿ ಕುಡಿಕೆ ಇಡಲು ಕೊರೆದ ತೂತುಗಳಿವೆ. ಡಿರ್ಕ್ ಅನ್ನುವ ಹುಡುಗ ತನ್ನ ಹೆಸರು, ಊರು, 1665ನೇ ಇಸವಿ, ವಯಸ್ಸು 12 ಅಂತ ಚಾಕುವಿನಲ್ಲಿ ಕೆತ್ತಿ ಹೋಗಿದ್ದಾನೆ. ಅದೂ ಗಾಯವೇ ಅಲ್ವಾ? ಆದರೆ ಅದನ್ನು ಮರಳು ಕಾಗದ ಹಾಕಿ ಉಜ್ಜಿ ತೆಗೆಯಿರಿ ಅಂತ ಇವತ್ತು ಯಾರಾದರೂ ಹೇಳಿದರೆ ನಾನೇ ಅಡ್ಡ ನಿಲ್ಲುತ್ತೇನೆ. ಚರ್ಚಿನಲ್ಲಿ 1682ರ ಒಂದು ಮರದ ಮನುಷ್ಯನೂ ಇದ್ದಾನೆ. ಗಡ್ಡ, ರಕ್ಷಾಕವಚ, ಕೈಯಲ್ಲಿ ಕೊಡಲಿ. ಹಿಂದೆ ಗಡಿಯಾರದ ಗಂಟೆ ಬಾರಿಸುತ್ತಿದ್ದವನು, ಈಗ ದಾರ ಎಳೆದರೆ ಗಂಟೆ ಹೊಡೆದು ಪ್ರಾರ್ಥನೆ ಶುರುವಾಯಿತು ಅಂತ ತಿಳಿಸುತ್ತಾನೆ.

ಕೊಡೆ ಹಿಡಿದು ಪ್ರಾರ್ಥನೆ

1537ರಲ್ಲಿ ದೊರೆ ಎಂಟನೇ ಹೆನ್ರಿ ಮಠ ಮುಚ್ಚಿಸಿದ. ಸತ್ತವರಿಗಾಗಿ ಪ್ರಾರ್ಥನೆ ಮಾಡಿಸುವ ನಂಬಿಕೆಯೇ, ಇಂಗ್ಲೆಂಡ್ ರೋಮಿನ ಪೋಪರನ್ನು ಬಿಟ್ಟು ಹಿಡಿದ ಹೊಸ ಪ್ರಾಟೆಸ್ಟೆಂಟ್ ಪಂಥದಲ್ಲಿ ತಪ್ಪಾಯಿತು, ಅದರ ಜೊತೆ ದುಡ್ಡಿನ ಒರತೆಯೂ ಬತ್ತಿತು. ನದಿಯಲ್ಲಿ ಹೂಳು ತುಂಬಿತು, ಹಡಗುಗಳು ದೊಡ್ಡದಾದವು, ವ್ಯಾಪಾರ ಇಲ್ಲಿಂದ ಕಾಲು ಕಿತ್ತಿತು. 1676ರಲ್ಲಿ ಊರಿಗೆ ಬೆಂಕಿ ಬಿದ್ದು ಮನೆಗಳು ಸುಟ್ಟವು. ಅಲ್ಲಿಂದ ಮುಂದೆ ಎರಡು ಶತಮಾನ, ಕೆಲವೇ ಬಡ ಮನೆಗಳ ಊರೊಂದು ತನ್ನ ಶಕ್ತಿಗೆ ಮೀರಿದ ಕಟ್ಟಡವನ್ನು ಹೊತ್ತು ನಿಂತಿತ್ತು. ಕಿಟಕಿ ಒಡೆದರೆ ಗಾಜು ಹಾಕಲು ದುಡ್ಡಿಲ್ಲ, ಇಟ್ಟಿಗೆ ಇಟ್ಟು ಮುಚ್ಚಿದರು. ಚಾವಣಿ ಸೋರಿದರೆ ಸೋರಲಿ. 19ನೇ ಶತಮಾನದಲ್ಲಿ ಮಳೆ ಬಂದಾಗ ಜನ ಒಳಗೆ ಕೊಡೆ ಬಿಚ್ಚಿಕೊಂಡು ಕೂರುತ್ತಿದ್ದರಂತೆ. ಕೊನೆಗೆ 1881ರ ಡಿಸೆಂಬರಿನಲ್ಲಿ, ಯಾರ ತಲೆಯ ಮೇಲಾದರೂ ಬಿದ್ದೀತು ಅಂತ, ಬಿಷಪ್ ಚರ್ಚನ್ನು ಮುಚ್ಚಿಸಿದರು.

ಇಲ್ಲಿಂದ ಒಂದು ಜಗಳ ಶುರುವಾಯಿತು. ನನಗೆ ಈ ಚರ್ಚಿನ ಇಡೀ ಇತಿಹಾಸದಲ್ಲಿ ಮುಖ್ಯ ಅನ್ನಿಸುವುದು ಇದೇ. ಆ ಕಾಲಕ್ಕೆ ಇಂಗ್ಲೆಂಡಿನ ಹಳ್ಳಿ ಹಳ್ಳಿಯಲ್ಲೂ ಚರ್ಚುಗಳ ಜೀರ್ಣೋದ್ಧಾರ ನಡೆಯುತ್ತಿತ್ತು. ದುಡ್ಡಿತ್ತು, ಭಕ್ತಿ ಇತ್ತು, ವಾಸ್ತುಶಿಲ್ಪಿಗಳಿಗೆ ನಿಜವಾದ ಗಾಥಿಕ್ ಹೇಗಿರಬೇಕು ಅನ್ನುವ ಗಟ್ಟಿ ಕಲ್ಪನೆ ಇತ್ತು. ಒಳಗೋಡೆಯ ಹಳೆಯ ಗಾರೆ ಕೆರೆದು ತೆಗೆದರು, ಅದರ ಜೊತೆ ಮಧ್ಯಯುಗದ ಗೋಡೆ ಚಿತ್ರಗಳೂ ಹೋದವು. ಸವೆದ ಬೆಂಚು ಕಿತ್ತು ಹೊಸ ಬೆಂಚು ಹಾಕಿದರು. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಸಿದರು. ಇದನ್ನು ನೋಡಿ ಕೆರಳಿದವರಲ್ಲಿ ವಿಲಿಯಂ ಮೋರಿಸ್ ಒಬ್ಬರು, ಕವಿ, ವಿನ್ಯಾಸಕಾರ. 1877ರಲ್ಲಿ ಹಳೆಯ ಕಟ್ಟಡಗಳನ್ನು ಕಾಯುವ ಸಂಘ ಕಟ್ಟಿದರು. ಅವರ ಮಾತು ತುಂಬಾ ಸರಳ. ದಿನಾ ದಿನಾ ಜೋಪಾನ ಮಾಡಿ. ವಾಲಿದ ಗೋಡೆಗೆ ಊರೆ ಕೊಡಿ, ಸೋರುವ ಚಾವಣಿ ಸರಿ ಮಾಡಿ. ಹಿಂದೆ ಹೀಗಿತ್ತು ಅಂತ ಊಹೆ ಮಾಡಿ ಹೊಸದನ್ನು ಕಟ್ಟಬೇಡಿ.

ಬ್ಲೈಬರಾದ ದುರಸ್ತಿಗೆ ಮೊದಲು ಯೋಜನೆ ಹಾಕಿದವರು ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್. ಚರ್ಚು ಮುಚ್ಚಿದ ತಿಂಗಳಲ್ಲೇ ಅವರು ತೀರಿಕೊಂಡರು, ಕೆಲಸ ಆರ್ಥರ್ ಬ್ಲೂಮ್‌ಫೀಲ್ಡ್ ಕೈಗೆ ಬಂತು. ಮೋರಿಸರ ಸಂಘ ಪತ್ರದ ಮೇಲೆ ಪತ್ರ ಬರೆಯಿತು, ಆಕ್ಷೇಪ ಎತ್ತಿತು. ಪಾದ್ರಿಗೂ ಊರವರಿಗೂ ರೇಗಿತು. ರೇಗದೆ ಇನ್ನೇನು? ಲಂಡನ್ನಿನಲ್ಲಿ ಕೂತವರು ಇಲ್ಲಿ ನೆನೆಯುತ್ತಿದ್ದವರಿಗೆ ಬುದ್ಧಿ ಹೇಳುತ್ತಿದ್ದರು. 1884ರಲ್ಲಿ ಚರ್ಚು ಮತ್ತೆ ತೆರೆಯಿತು. ಜಗಳದ ಕಾರಣಕ್ಕೋ, ದುಡ್ಡಿನ ಕೊರತೆಗೋ, ಅಂತೂ ಬೇರೆ ಊರುಗಳಲ್ಲಿ ಒಂದೇ ಏಟಿಗೆ ಮಾಡಿದ್ದನ್ನು ಇಲ್ಲಿ ನಿಧಾನ ಮಾಡಿದರು, ಮುಚ್ಚಿದ ಕಿಟಕಿ ತೆರೆಯುವ ಕೆಲಸ ವರ್ಷಗಟ್ಟಲೆ ಎಳೆಯಿತು. ಚಾವಣಿಯ ಬಣ್ಣಕ್ಕೆ, ದೇವದೂತರಿಗೆ, ಬೆಂಚಿನ ಬೊಂಬೆಗಳಿಗೆ ಯಾರೂ ಹೊಸ ಮೆರುಗು ಕೊಡಲಿಲ್ಲ.

ಬಡತನ ಈ ಚರ್ಚನ್ನು ಉಳಿಸಿತು ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ. ಅದು ಅರ್ಧ ಮಾತು. ಇನ್ನು ಹತ್ತಿಪ್ಪತ್ತು ವರ್ಷ ಅದೇ ಬಡತನ ಮುಂದುವರಿದಿದ್ದರೆ ಚಾವಣಿ ಕೆಳಗೆ ಬಂದಿರುತ್ತಿತ್ತು. ಶೆಟ್ಟಿಹಳ್ಳಿ ನೋಡಿದರೆ ಗೊತ್ತಾಗುತ್ತದೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಬಿಟ್ಟು ಜನ ಹೋದರು. ಈಗ ಚಾವಣಿ ಇಲ್ಲ, ಹಿನ್ನೀರು ಬಂದು ಹೋಗುತ್ತದೆ. ಕಮಾನುಗಳ ಫೋಟೊ ಎಲ್ಲರ ಫೋನಿನಲ್ಲೂ ಇದೆ. ನೋಡುವವರು ಎಷ್ಟೇ ಇದ್ದರೂ, ಸೋರಿದಾಗ ಏಣಿ ಹತ್ತುವವರು ಇಲ್ಲದ ಕಟ್ಟಡ ಅದು.

ಅಪ್ಪನ ವಾದ

ನಮ್ಮೂರಿನ ಈಶ್ವರನ ಗುಡಿ ಹೊಯ್ಸಳರ ಕಾಲದ್ದು ಅಂತಾರೆ. ಸಣ್ಣದು, ಸಂರಕ್ಷಿತ ಪಟ್ಟಿಯಲ್ಲಿ ಇಲ್ಲ. ನವರಂಗದಲ್ಲಿ ಬಳಪದ ಕಲ್ಲಿನ ನಾಲ್ಕು ಕಂಬ, ತಿರುಗಣಿಯಲ್ಲಿ ಕಡೆದಂಥವು. ಕೆಲವು ವರ್ಷಗಳ ಹಿಂದೆ ಊರಿನ ಸಮಿತಿ ಅದರ ಜೀರ್ಣೋದ್ಧಾರ ಮಾಡಿತು. ಮೇಲೆ ಆರ್‌ಸಿಸಿ ಹಾಕಿದರು, ಒಳಗೋಡೆಗೆ ಬಿಳಿ ಟೈಲ್ಸ್ ಅಂಟಿಸಿದರು, ಕಂಬಕ್ಕೆ ಬಂಗಾರದ ಬಣ್ಣದ ಎನಾಮಲ್ ಪೇಂಟ್ ಬಳಿದರು. ಆ ಸಮಿತಿಯಲ್ಲಿ ಅಪ್ಪನೂ ಇದ್ದರು. ಅದರ ಬಗ್ಗೆ ನಮ್ಮಿಬ್ಬರಿಗೂ ಫೋನಿನಲ್ಲಿ ಜಗಳ ಆಗಿತ್ತು. ಬ್ಲೈಬರಾದ ಬೆಂಚಿನ ಮೇಲೆ ಕೂತು ನಾನು ಈ ಮೋರಿಸರ ಕಥೆ ಹೇಳಿದೆ. ಹೇಳುವಾಗ ನನ್ನ ಮನಸ್ಸಿನಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗದೇ ಇರುತ್ತದೆಯೇ?

"ಆ ಪಾದ್ರಿ ಕಷ್ಟ ನಂಗೆ ಗೊತ್ತಮ್ಮ" ಅಂದರು ಅಪ್ಪ. "ಅಭಿಷೇಕ ಮಾಡೋ ಹೊತ್ತಲ್ಲಿ ಅರ್ಚಕರ ಹೆಗಲ ಮೇಲೆ ನೀರು ತೊಟ್ಟಿಕ್ತಾ ಇತ್ತು. ಶಿವರಾತ್ರಿಗೆ ಬಂದ ಹೆಂಗಸರು ಪಾಚಿ ಮೇಲೆ ಜಾರಿ ಬೀಳ್ತಿದ್ರು. ಇಡೀ ಊರು ಚಂದಾ ಎತ್ತಿ ಮಾಡಿದ ಕೆಲಸ ಅದು. ಗಾರೆ ಹಾಕೋನು ಒಬ್ಬನೂ ಸಿಗಲಿಲ್ಲ, ಟೈಲ್ಸ್ ಹಾಕೋರು ಬೀದಿಗೆ ನಾಲ್ಕು ಜನ. ಹೀಗೆ ಮಾಡಿ ಅಂತ ಹೇಳೋಕೆ ಯಾರೂ ಬರಲಿಲ್ಲ. ಮಾಡಿದ ಮೇಲೆ ಬೈಯೋಕೆ ಎಲ್ಲರೂ ಬಂದ್ರಿ."

"ಅಪ್ಪಾ, ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್‌ನವರು ಕಲ್ಲು ಕಲ್ಲು ಬಿಚ್ಚಿ ಮತ್ತೆ ಜೋಡಿಸಿ ಎಷ್ಟು ಗುಡಿ ಉಳಿಸಿಲ್ಲ? ಅವರನ್ನ ಕೇಳಬಹುದಿತ್ತಲ್ವಾ ನೀವು?"

"ಕೇಳಬಹುದು ಅಂತ ನಮಗೆ ಯಾರು ಹೇಳಿದ್ರು?"

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ಈಗ ಇಂಥ ಚರ್ಚಿನಲ್ಲಿ ಒಂದು ಬೆಂಚು ಆಚೆ ಈಚೆ ಮಾಡಬೇಕಾದರೂ ಧರ್ಮಪ್ರಾಂತ್ಯದ ಲಿಖಿತ ಅನುಮತಿ ಬೇಕು. ಕೊಡುವ ಮೊದಲು ತಿಳಿದವರ ಸಲಹೆ ಕೇಳುತ್ತಾರೆ. ತಲೆನೋವು ಅಂತ ಊರವರು ಗೊಣಗುತ್ತಾರೆ. ಆದರೆ ಆ ತಲೆನೋವಿನ ಒಳಗೆ ಸಲಹೆಯೂ ಸಿಗುತ್ತದೆ, ಯಾವ ಸುಣ್ಣ ಹಾಕಬೇಕು, ಯಾವ ಬಡಗಿಯನ್ನು ಕರೆಯಬೇಕು ಅಂತ ಹೇಳುವವರು ಇರುತ್ತಾರೆ. ಸಂಗೀತದವರೂ ನೆರವಾದರು. ಆಲ್ಡ್‌ಬರಾ ಸಂಗೀತೋತ್ಸವದ ಕಛೇರಿಗಳು ಇಲ್ಲಿ ನಡೆಯುತ್ತವೆ. 1969ರಲ್ಲಿ ಸ್ನೇಪ್‌ನಲ್ಲಿದ್ದ ಅವರ ಸಭಾಂಗಣ ಸುಟ್ಟುಹೋದಾಗ ಕೆಲವು ಕಾರ್ಯಕ್ರಮ ಇಲ್ಲಿಗೇ ಬಂದವು. ಪಟ್ಟಿಯಲ್ಲಿಲ್ಲದ ನಮ್ಮೂರ ಗುಡಿಗೆ ಇದ್ಯಾವುದೂ ಇರಲಿಲ್ಲ. ಇದ್ದದ್ದು ಒಂದು ಚಂದಾ ಪುಸ್ತಕ, ಒಬ್ಬ ಕಂಟ್ರಾಕ್ಟರ್. ಆ ಟೈಲ್ಸ್ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಆದರೆ ಆರ್‌ಸಿಸಿಯೋ ಮತ್ತೊಂದೋ, ಆ ಮಳೆಗಾಲದಲ್ಲಿ ಮೇಲೊಂದು ಹೊದಿಕೆ ಹಾಕಿದರಲ್ಲ, ಅದನ್ನು ತಪ್ಪು ಅನ್ನಲು ನನ್ನ ಬಾಯಿ ಬರುವುದಿಲ್ಲ.

ಅಪ್ಪ ಊರಿಗೆ ವಾಪಸ್ ಹೋಗಿದ್ದಾರೆ. ಈಗ ಸಮಿತಿಯಲ್ಲಿ ಹೊಸ ಮಾತು ಎದ್ದಿದೆ. ಕಂಬದ ಬಂಗಾರದ ಬಣ್ಣ ಅಲ್ಲಲ್ಲಿ ಪೊರೆ ಏಳುತ್ತಿದೆ, ಒಳಗಿನ ಕಲ್ಲು ಚೆನ್ನಾಗಿ ಕಾಣುತ್ತಿದೆ. ಹಾಗಾಗಿ ಎಲ್ಲ ಕಂಬಕ್ಕೂ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ ಹಳೆಯ ಹಾಗೆ ಮಾಡೋಣ ಅಂತ ಯುವಕರು ಹುರುಪಿನಲ್ಲಿದ್ದಾರೆ, ಚದರಡಿಗೆ ಇಷ್ಟು ಅಂತ ರೇಟೂ ಕೇಳಿದ್ದಾರೆ. ಈ ಸಲ ಅಪ್ಪ ಮೊದಲೇ ಫೋನ್ ಮಾಡಿದರು. ಬೇಡವೇ ಬೇಡ ಅಂದೆ. ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೆದು. ಮರಳು ರಭಸದಿಂದ ಹೊಡೆದರೆ ಬಣ್ಣದ ಜೊತೆ ತಿರುಗಣಿಯ ಗೆರೆಗಳೂ ಉದುರುತ್ತವೆ. ಕೆರೆದು ಕೆರೆದು ಇಂಗ್ಲೆಂಡಿನವರು ಕಳೆದುಕೊಂಡದ್ದು ಹಾಗೇ. ಮೊದಲು ಕಂಬದ ಬುಡದಲ್ಲಿ, ಅಂಗೈ ಅಗಲದ ಜಾಗದಲ್ಲಿ, ತಿಳಿದವರ ಕೈಯಲ್ಲಿ ಬಣ್ಣ ಕರಗಿಸುವ ಲೇಪ ಹಚ್ಚಿಸಿ ನೋಡಿ, ಅಲ್ಲಿಯವರೆಗೆ ಪೇಂಟ್ ಇದ್ದರೆ ಇರಲಿ ಅಂದೆ. "ಇದನ್ನೆಲ್ಲ ಒಂದು ಹಾಳೇಲಿ ಕನ್ನಡದಲ್ಲಿ ಬರೆದು ಕಳಿಸು, ಸೋಮವಾರ ಮೀಟಿಂಗಲ್ಲಿ ಓದ್ತೀನಿ" ಅಂದರು. ಬರೆಯುತ್ತಿದ್ದೇನೆ. ಕಂಬದ ವಿಷಯ ಎರಡನೇ ಪ್ಯಾರಾಕ್ಕೆ ಇಟ್ಟಿದ್ದೇನೆ. ಮೊದಲನೆಯದು ಆರ್‌ಸಿಸಿಯ ಈಶಾನ್ಯ ಮೂಲೆಯಲ್ಲಿ ನೀರು ನಿಲ್ಲುತ್ತಿದೆ ಅಂತ ಅವರೇ ಹೇಳಿದ್ದರಲ್ಲ, ಅದರ ಬಗ್ಗೆ.